ಚಕ್ರದ ಮೇಲಿನ ಬೊಟ್ಟು ನನ್ನದು

ಅವತ್ತು ಅಮಾವಾಸ್ಯೆ. ಬೆಳಿಗ್ಗೆ ಹತ್ತರ ಸುಮಾರಿಗೆ ಬ್ಯಾಡಗಿಯ ಒಬ್ಬ ಹೆಣ್ಣುಮಗಳು ಗೂಡ್ಸ್ ಆಟೋದಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು ರಾಣೆಬೆನ್ನೂರಿನ ನಮ್ಮ ಅಂಗಡಿಗೆ ಬಂದಳು. ಮಷಿನ್ ಕೆಳಗಿಳಿಸುವ ಮೊದಲೇ ನನಗೆ ಸೀನು ಬಂತು. ಹಿಂದಿನ ಬಾಡಿಗೆಗೆ ಆ ಆಟೋ ಮೆಣಸಿನಕಾಯಿ ಚೀಲ ಹೇರಿತ್ತಂತೆ. ಅವಳು ಸೆರಗಿನ ಗಂಟಿನಿಂದ ತೆಗೆದು ಕೊಟ್ಟ ಬಿಲ್ಲಿಗೂ ಅದೇ ಘಾಟು. ನಮ್ಮ ಮನೆಯವರು ಬಿಲ್ ಓದುತ್ತಾ ಮೂರು ಸಲ ಸೀನಿ, ಕಣ್ಣೊರೆಸಿಕೊಂಡು, "ಇದನ್ನ ಕೋರ್ಟಿಗೆ ಕೊಟ್ರ ಜಡ್ಜ್ ಸಾಹೇಬ್ರು ಮೊದಲು ಸೀನಿ ಆಮ್ಯಾಲೆ ಹೆಸರು ಕೂಗತಾರ" ಅಂದರು. ಅಷ್ಟು ದೂರದಿಂದ ಚಿಂತೆ ಹೊತ್ತು ಬಂದವಳು ಆಗ ನಕ್ಕಳು.

ನಮ್ಮ ಮನೆಯವರದು ಹೊಲಿಗೆ ಮಷಿನ್ ರಿಪೇರಿ. ಆದರೆ ಮಷಿನ್ ಕೆಟ್ಟವರಷ್ಟೇ ಅಲ್ಲ, ಹೊಸದೆಂದು ಹಳೆಯದನ್ನು ಕೊಂಡವರು, ಗ್ಯಾರಂಟಿ ಕಾರ್ಡ್ ಹಿಡಿದು ಅಲೆದವರೂ ಬರುತ್ತಿದ್ದರು. ಮನೆಯವರು ವಸ್ತು ನೋಡಿ ಹೇಳುತ್ತಿದ್ದರು, ನಾನು ಅರ್ಜಿ ಬರೆಯುತ್ತಿದ್ದೆ. ಪಿಯುಸಿಯವರೆಗೆ ಓದಿದ್ದೇನೆ, ಅಕ್ಷರ ದುಂಡಗಿದೆ, ಅದಕ್ಕೆ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅವಳ ಕಥೆ ಇಷ್ಟು. ವರ್ಷಗಟ್ಟಲೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿದವಳು. ಈಗ ದಮ್ಮು ಹತ್ತಿದೆ. ಇನ್ನು ಮೆಣಸಿನಕಾಯಿ ಹತ್ತಿರ ಸುಳಿಯಬೇಡ ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ತಾಯಿ, ಓದುವ ಮಗಳು, ದುಡಿಯುವವಳು ಇವಳೊಬ್ಬಳೇ. ಹೊಲಿಗೆ ಗೊತ್ತಿತ್ತು. ಹಾವೇರಿಯ ಒಂದು ಅಂಗಡಿಯಲ್ಲಿ ಮೋಟಾರಿನ ಹೊಸ ಮಷಿನ್ ಕೊಂಡಳು. ಮೊದಲ ವಾರವೇ ಹೊಲಿಗೆ ತಪ್ಪತೊಡಗಿತು, ದಾರ ಕಡಿಯಿತು, ಮಷಿನ್ ಗಡಗಡ ನಡುಗಿತು. ಅಂಗಡಿಯವರನ್ನು ಕೇಳಿದರೆ, ನಿನಗೆ ಮೋಟಾರಿನ ಮಷಿನ್ ಓಡಿಸಲು ಬರುವುದಿಲ್ಲ ಅಂದರಂತೆ.

ನಮ್ಮ ಮನೆಯವರು ಕರೆಂಟ್ ಹಚ್ಚಲಿಲ್ಲ. ಬೆಲ್ಟ್ ಸಡಿಲಿಸಿ ಚಕ್ರವನ್ನು ಕೈಯಿಂದ ತಿರುಗಿಸಿದರು. ಮೆಲ್ಲಗೆ ಒಂದು ಸುತ್ತು, ಮತ್ತೊಂದು ಸುತ್ತು. ಕಿವಿ ಹತ್ತಿರ ಒಯ್ದು ಕೇಳಿದರು. ನಂತರ ನನ್ನ ಕಡೆ ನೋಡಿ, "ಇದು ಹೊಸಾದಲ್ಲ, ಬರಕೋ" ಅಂದರು.

"ಹೆಂಗಂತ ಬರೀಲಿ?"

"ಸದ್ಯ ಇಷ್ಟ ಬರಿ. ಉಳಿದದ್ದು ನಾಳಿಗೆ ಕುಂತು ಹೇಳ್ತೇನಿ."

ಮಷಿನ್ ಬಿಟ್ಟು ಅವಳು ಊರಿಗೆ ಹೋದಳು. ಸಂಜೆ ನಾನು ಎಂದಿನಂತೆ ಅಮಾವಾಸ್ಯೆ ಪೂಜೆ ಮಾಡಿದೆ. ಅಂಗಡಿಯಲ್ಲಿದ್ದ ಒಂದೊಂದೇ ಮಷಿನ್ ಒರೆಸಿ, ಚಕ್ರದ ಮೇಲೆ ಕುಂಕುಮದ ಬೊಟ್ಟಿಟ್ಟು, ಊದುಬತ್ತಿ ಬೆಳಗಿದೆ. ಅವರು ಕಾಯಿ ಒಡೆದರು. ಒಂದು ಹೋಳು ಪಕ್ಕದ ಚಹಾದಂಗಡಿಗೆ ಕೊಟ್ಟು ಬಂದರು. ಊಟಕ್ಕೆ ರೊಟ್ಟಿ, ಬದನೆಕಾಯಿ ಪಲ್ಯ. ಅಷ್ಟೇ ಆ ದಿನ.

ಮರುದಿನ ಬೆಳಿಗ್ಗೆ ಹಾಲು ತರಲು ಹೋದವರು ಅದೇ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತರು. ಎದೆ ಹಿಡಿದಂತಾಗಿದೆ ಅಂದರಂತೆ. ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ಒಂದು ತಿಂಗಳು ಅಂಗಡಿ ಮುಚ್ಚಿತ್ತು. ಸುದ್ದಿ ತಿಳಿದು ಬ್ಯಾಡಗಿಯವಳೂ ಮಾತಾಡಿಸಲು ಬಂದಳು. ಹೆಂಗಸರ ನಡುವೆ ಕುಳಿತು, ಮುಂದಿದ್ದ ಬುಟ್ಟಿ ಎಳೆದುಕೊಂಡು ಬೆಳ್ಳುಳ್ಳಿ ಸುಲಿದಳು. ಬುಟ್ಟಿ ಖಾಲಿಯಾದ ಮೇಲೆ ಎದ್ದಳು. ನಾನೇ ಮಷಿನ್ ಮಾತು ತೆಗೆದೆ. "ಅದು ಇರಲಿ ಬಿಡ್ರೀ ಅಕ್ಕಾರ, ಈಗ್ಯಾಕ" ಅಂದಳು. ಹೋಗುವಾಗ ಓಣಿಯ ತಿರುವಿನವರೆಗೂ ಅವಳ ಕೆಮ್ಮು ಕೇಳಿಸುತ್ತಿತ್ತು. ಮತ್ತೆ ತೊಟ್ಟು ಬಿಡಿಸಲು ಹೋಗುತ್ತಿದ್ದಾಳೆ ಎಂದು ಆಗ ನನಗೆ ಗೊತ್ತಾಯಿತು.

ಅಂಗಡಿಯ ಬಾಗಿಲು ತೆಗೆದದ್ದು ಆ ಕೆಮ್ಮಿನ ಸಲುವಾಗಿ. ಬೇರೆ ಕಾರಣ ನನಗೆ ಇರಲಿಲ್ಲ.

ಮೊದಲ ಪತ್ರವನ್ನು ನನಗೆ ಗೊತ್ತಿದ್ದಷ್ಟರಲ್ಲಿ ಬರೆದೆ. ಕೊಂಡ ದಿನ, ಬಿಲ್ ನಂಬರು, ಏನು ಕೆಟ್ಟಿದೆ, ಅಂಗಡಿಗೆ ಎಷ್ಟು ಸಲ ಹೋದಳು, ಅವರು ಏನಂದರು. ಕೊನೆಗೆ, ಈ ಮಷಿನ್ ಹೊಸದಲ್ಲ, ಹದಿನೈದು ದಿನದೊಳಗೆ ಬದಲಿಸಿ ಕೊಡಬೇಕು ಎಂದೆ. ಅವಳ ಸಹಿ ಹಾಕಿಸಿ, ಒಂದು ಪ್ರತಿ ಇಟ್ಟುಕೊಂಡು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಉತ್ತರ ಬಂತು. ಕಂಪನಿಯಿಂದ ಬಂದ ಸೀಲ್ ಪ್ಯಾಕ್ ಮಷಿನ್ ಅನ್ನು ಸೀಲ್ ಒಡೆಯದೆ ಹಾಗೇ ಕೊಟ್ಟಿದ್ದೇವೆ, ಮಷಿನ್ ಮೇಲಿನ ನಂಬರೂ ಬಿಲ್ಲಿನ ನಂಬರೂ ಒಂದೇ ಇವೆ, ಗ್ರಾಹಕರು ತಪ್ಪಾಗಿ ಬಳಸಿ ಕೆಡಿಸಿದ್ದಾರೆ ಎಂದು ಟೈಪ್ ಮಾಡಿಸಿದ್ದರು. ನೋಡಿದೆ. ನಂಬರು ಖರೇ ಒಂದೇ ಇತ್ತು.

ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದೆ. ಅವರು ಅಂಗಡಿಯವರನ್ನು ಕೇಳಿದರು. ಅಂಗಡಿಯವರು ಅದೇ ಕಾಗದ ಕಳಿಸಿದರು. ಹೊಸದಲ್ಲ ಎನ್ನಲು ನಿಮ್ಮ ಬಳಿ ಆಧಾರ ಏನಿದೆ ಎಂದು ಸಹಾಯವಾಣಿಯ ಹುಡುಗಿ ಮೆತ್ತಗೇ ಕೇಳಿದಳು. ನನ್ನ ಗಂಡ ಹೇಳಿದ್ದಾರೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅವರು ಏನು ನೋಡುತ್ತಿದ್ದರು ಎಂದು ನೆನಪಿಸಿಕೊಂಡು ನಾನೂ ನೋಡತೊಡಗಿದೆ. ಸ್ಕ್ರೂಗಳ ತಲೆ ನೋಡುತ್ತಿದ್ದರು. ಒಮ್ಮೆ ಬಿಚ್ಚಿದ್ದರೆ ಗೀರು ಬಿದ್ದಿರುತ್ತದೆ ಅನ್ನುತ್ತಿದ್ದರು. ಇಲ್ಲಿ ಸ್ಕ್ರೂ ಎಲ್ಲ ಹೊಳೆಯುತ್ತಿದ್ದವು. ಬಾಬಿನ್ ಕೂಡುವ ಜಾಗದಲ್ಲಿ ಹಳೆಯ ದಾರದ ನಾರು ಹುಡುಕುತ್ತಿದ್ದರು. ಟಾರ್ಚ್ ಹಿಡಿದು ನೋಡಿದೆ, ಬಿಳಿ ದಾರದ ನಾರು ಇತ್ತು, ಅವಳು ಹೊಲಿದದ್ದೂ ಬಿಳಿಯೇ. ರಟ್ಟಿನ ಪೆಟ್ಟಿಗೆಯ ಮೇಲೆ ಟೇಪಿನ ಕೆಳಗೆ ಟೇಪ್ ಇದೆಯೇ ಎಂದು ಕೆರೆದು ನೋಡುತ್ತಿದ್ದರು. ಪೆಟ್ಟಿಗೆಯನ್ನು ಅವಳ ತಾಯಿ ಒಲೆಗೆ ಹಾಕಿಬಿಟ್ಟಿದ್ದರು. ಚಕ್ರ ತಿರುಗಿಸಿ ಕಿವಿಗೊಟ್ಟೆ. ಚಕ್ರ ತಿರುಗುವ ಸದ್ದು ಬಿಟ್ಟರೆ ನನಗೆ ಏನೂ ಕೇಳಲಿಲ್ಲ. ಎರಡು ದಿನ ಹಾಗೇ ತಿರುಗಿಸಿದೆ. ಅವರಿಗೆ ಕೇಳಿಸಿದ್ದು ನನಗೆ ಕೇಳಿಸುವುದಿಲ್ಲ ಎಂದು ಒಪ್ಪಿಕೊಂಡು, ಮೂರನೆಯ ದಿನ ಬಿಟ್ಟುಬಿಟ್ಟೆ.

ತಿಂಗಳುಗಟ್ಟಲೆ ನಿಂತ ಮಷಿನ್ ತುಕ್ಕು ಹಿಡಿಯಬಾರದೆಂದು, ಬಿಚ್ಚದೆ, ಮೇಲಿನಿಂದಲೇ ಎಣ್ಣೆ ಬಿಟ್ಟೆ. ಕೈ ತಪ್ಪಿ ಹೆಚ್ಚು ಬಿತ್ತು. ಮಷಿನ್ ತೋಳಿನ ಮೇಲೆ ಕಂಪನಿ ಹೆಸರು, ನಂಬರ್ ಇರುವ ಒಂದು ಲೋಹದ ಪಟ್ಟಿ ಇರುತ್ತದೆ, ಎರಡು ಸಣ್ಣ ಸ್ಕ್ರೂಗಳಿಂದ ಕೂಡಿಸಿರುತ್ತಾರೆ. ಎಣ್ಣೆ ಹರಿದು ಅದರ ಸಂದಿಗೆ ಇಳಿಯಿತು. ಬಟ್ಟೆ ತರುವಷ್ಟರಲ್ಲಿ ಪಟ್ಟಿಯ ಕೆಳಗಿನ ಅಂಚಿನಿಂದ ಕೆಂಪು ಗೆರೆಯೊಂದು ಜಾರುತ್ತಿತ್ತು. ತುಕ್ಕು ಅಂದುಕೊಂಡೆ. ಬೆರಳಿಗೆ ಹಚ್ಚಿ ಮೂಸಿ ನೋಡಿದೆ. ಕುಂಕುಮ.

ಮೊದಲು ನನ್ನದೇ ಎಂದು ಗಾಬರಿಯಾಯಿತು. ಅಮಾವಾಸ್ಯೆ ದಿನ ಗಿರಾಕಿಯ ಮಷಿನ್ ಎಂದು ನೋಡದೆ ಇದಕ್ಕೂ ಬೊಟ್ಟಿಟ್ಟಿದ್ದೆನಲ್ಲ. ಆದರೆ ನನ್ನ ಬೊಟ್ಟು ಚಕ್ರದ ಮೇಲೆ ಒಣಗಿ ಹಾಗೇ ಕುಳಿತಿತ್ತು. ಪಟ್ಟಿ ಇದ್ದದ್ದು ಚಕ್ರದಿಂದ ಒಂದು ಗೇಣು ದೂರ. ಒರೆಸಿ ಮತ್ತೆ ಒಂದು ಹನಿ ಬಿಟ್ಟೆ. ಮತ್ತೆ ಕೆಂಪು ಬಂತು.

ಬ್ಯಾಡಗಿಗೆ ಫೋನ್ ಮಾಡಿ, ಮಷಿನ್ ತಂದ ದಿನ ಪೂಜೆ ಮಾಡಿದ್ದಿರೇನು ಎಂದು ಕೇಳಿದೆ.

"ನಮ್ಮನ್ಯಾಗ ಕುಂಕುಮ ಎಲ್ಲಿ ಬರಬೇಕ್ರಿ ಅಕ್ಕಾರ? ನಮ್ಮವ್ವ ಬಿಸ್ಮಿಲ್ಲಾ ಅಂತ ಸೂಜ್ಯಾಗ ದಾರ ಹಾಕಿದ್ಲು, ಅಷ್ಟ."

ಹೊಸ ಮಷಿನ್ ಮನೆಗೆ ಬಂದರೆ ನಮ್ಮ ಕಡೆ ಯಾರಾದರೂ ಮಾಡುವ ಮೊದಲ ಕೆಲಸವನ್ನು ಯಾರೋ ಇದಕ್ಕೂ ಮಾಡಿದ್ದರು. ಅದು ಪಟ್ಟಿಯ ಕೆಳಗಿತ್ತು. ಎಂದರೆ ಪಟ್ಟಿ ಆಮೇಲೆ ಬಂದದ್ದು.

ಸ್ಕ್ರೂಡ್ರೈವರ್ ಕೈಯಲ್ಲಿತ್ತು. ಪಟ್ಟಿ ಬಿಚ್ಚಿ ಫೋಟೋ ತೆಗೆದರೆ ಮುಗಿಯಿತು ಅನ್ನಿಸಿತು. ಸ್ಕ್ರೂವಿನ ಮೇಲೆ ಇಟ್ಟು, ಮತ್ತೆ ತೆಗೆದೆ. ಮಾರಿದವನ ಕಣ್ಣೆದುರಿಗೇ ಬಿಚ್ಚಬೇಕು, ನಾವು ಬಿಚ್ಚಿದರೆ ನಮ್ಮದೇ ಕಿತಾಪತಿ ಆಗುತ್ತದೆ ಎಂದು ಮನೆಯವರು ಎಷ್ಟೋ ಜನರಿಗೆ ಹೇಳಿದ್ದನ್ನು ನಾನೇ ಕೇಳಿದ್ದೆ.

ಸಂಜೆ ಮೈದುನ ಬಂದ. ಎಲ್ಲ ಕೇಳಿ, "ವೈನಿ, ಮೊದಲು ಚಕ್ರದ ಮ್ಯಾಲಿನ ನಿಮ್ಮ ಬೊಟ್ಟು ಒರಿಸಿಬಿಡ್ರಿ. ಅದನ್ನ ನೋಡಿದ್ರ ಪಟ್ಟಿ ಬುಡಕಿನದೂ ನಿಮ್ಮದ ಅಂತಾರ" ಅಂದ. ಅವನ ಮಾತು ಸುಳ್ಳಲ್ಲ. ಒಂದು ಒದ್ದೆ ಬಟ್ಟೆ ಸಾಕಿತ್ತು. ಆದರೆ ಆ ಬೊಟ್ಟು ನಾನು ಇಟ್ಟಾಗ ಅವರು ಪಕ್ಕದಲ್ಲೇ ಕಾಯಿ ಒಡೆಯುತ್ತಿದ್ದರು. ಒರೆಸಲು ಕೈ ಏಳಲಿಲ್ಲ. ಸಾಕ್ಷಿಯ ವಿಚಾರ ಆಮೇಲೆ ಬಂತು, ಮೊದಲು ಬಂದದ್ದು ಇದೇ.

ಮರುದಿನ ಹಾವೇರಿಗೆ ಹೋಗಿ ಜಿಲ್ಲಾ ಗ್ರಾಹಕರ ಆಯೋಗದ ಕಚೇರಿಯಲ್ಲಿ ವಿಚಾರಿಸಿದೆ. ಅಲ್ಲಿನ ಒಬ್ಬ ನೌಕರರು ಕುರ್ಚಿ ಕೊಟ್ಟು ಕೂರಿಸಿ ತಿಳಿಸಿದರು. ವಕೀಲರು ಬೇಕೇ ಬೇಕು ಅಂತಿಲ್ಲ. ಬಿಲ್, ಪತ್ರಗಳ ಪ್ರತಿ, ಅಂಚೆಯ ಸ್ವೀಕೃತಿ ಚೀಟಿ, ಫೋಟೋ, ಪ್ರಮಾಣಪತ್ರ ಜೋಡಿಸಬೇಕು. ವಸ್ತು ಹೇಗಿದೆಯೋ ಹಾಗೇ ಇಡಬೇಕು. ನನ್ನ ಬೊಟ್ಟಿನ ಮಾತು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮಗ ವಿರುದ್ಧ ಇರೋದನ್ನ ನೀವ ಮೊದಲು ಬರೀರಿ. ಅವರು ಹುಡುಕಿ ಹೇಳಿದ್ರ ತೂಕ ಬ್ಯಾರೆ ಆಗತೈತಿ" ಅಂದರು.

ಬಸ್ಸಿನಲ್ಲಿ ಬರುತ್ತಾ ಮೋಟೆಬೆನ್ನೂರು ದಾಟುವಷ್ಟರಲ್ಲಿ ಎರಡನೆಯ ಪತ್ರ ಮನಸ್ಸಿನಲ್ಲೇ ಬರೆದು ಮುಗಿದಿತ್ತು. ಮನೆಗೆ ಬಂದು ನನ್ನ ಹೆಸರಿನಲ್ಲೇ ಕಾಗದಕ್ಕೆ ಇಳಿಸಿದೆ. ಮೂರನೆಯ ಪ್ಯಾರಾ ಹೀಗಿತ್ತು: "ಮಷಿನ್ನಿನ ಚಕ್ರದ ಮೇಲಿರುವ ಕುಂಕುಮದ ಬೊಟ್ಟು ನನ್ನದು, ಅಮಾವಾಸ್ಯೆ ಪೂಜೆಯಲ್ಲಿ ರೂಢಿಯಿಂದ ಇಟ್ಟಿದ್ದೇನೆ. ನಂಬರ್ ಪಟ್ಟಿಯ ಕೆಳಗಿರುವುದು ನನ್ನದಲ್ಲ, ಗ್ರಾಹಕರದೂ ಅಲ್ಲ. ಪಟ್ಟಿಯನ್ನು ನಾವು ಬಿಚ್ಚಿಲ್ಲ. ನಿಮ್ಮ ಅಂಗಡಿಯಲ್ಲಿ, ನಿಮ್ಮ ಮಿಸ್ತ್ರಿಯ ಕೈಯಿಂದಲೇ ಬಿಚ್ಚಿಸಬೇಕು." ಒಪ್ಪದಿದ್ದರೆ ಇದೇ ಕೋರಿಕೆಯನ್ನು ಆಯೋಗದ ಮುಂದೆ ಇಡುತ್ತೇವೆ ಎಂದೂ ಬರೆದೆ.

ಪತ್ರ ಮುಟ್ಟಿದ ವಾರದಲ್ಲಿ ಹಾವೇರಿ ಅಂಗಡಿಯ ಸಾಹುಕಾರರೇ ಫೋನ್ ಮಾಡಿದರು. ದನಿಯಲ್ಲಿ ಖುಷಿ ಇತ್ತು. ಕುಂಕುಮ ಹಚ್ಚಿದ್ದೇನೆ ಎಂದು ನೀವೇ ಬರೆದುಕೊಟ್ಟಿದ್ದೀರಿ, ಮಷಿನ್ ತನ್ನಿ, ಜನರ ಎದುರಿಗೇ ಮುಗಿಸೋಣ ಅಂದರು. ಫೋನ್ ಇಟ್ಟ ಮೇಲೆ, ಮೈದುನನ ಮಾತು ಕೇಳಬೇಕಿತ್ತೇನೋ ಎಂದು ಬಹಳ ಹೊತ್ತು ಕುಳಿತಿದ್ದೆ.

ನಾನು ಮಷಿನ್ ಸಮೇತ ಹಾವೇರಿ ಮುಟ್ಟಿದಾಗ ಅವಳು ಬ್ಯಾಡಗಿಯಿಂದ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಬುತ್ತಿ ಗಂಟು. ಕೆಮ್ಮು ಬಂದಾಗ ಬಾಯಿಗೆ ಸೆರಗು ಹಿಡಿಯುತ್ತಿದ್ದಳು. "ಸೋತ್ರ ಇಲ್ಲೇ ಕುಂತು ಉಂಡು ಹೋಗೂಣು, ಗೆದ್ರೂ ಉಣ್ಣೂದು ಇದ್ದ ಐತಿ" ಅಂದಳು.

ಸಾಹುಕಾರರು ನಾಲ್ಕೈದು ಗಿರಾಕಿಗಳ ಎದುರಿಗೆ ನನ್ನ ಪತ್ರದ ಮೂರನೆಯ ಪ್ಯಾರಾವನ್ನು ಅರ್ಧದವರೆಗೆ ಓದಿ ನಿಲ್ಲಿಸಿ, "ಇನ್ನೇನ ಬೇಕ್ರಿ?" ಅಂದರು.

"ಉಳಿದ ಅರ್ಧಾನೂ ಓದ್ರಿ ಸಾಹುಕಾರ್ರ" ಅಂದೆ.

ಅವರು ಓದಲಿಲ್ಲ. ಪಟ್ಟಿಯ ಕೆಳಗೆ ಇದ್ದರೂ ಇರಬಹುದು, ನಮ್ಮ ಅಂಗಡಿಯಲ್ಲೂ ಮಷಿನ್‌ಗಳಿಗೆ ಪೂಜೆ ಮಾಡುತ್ತೇವೆ ಅಂದರು. ಅವರದೇ ಟೈಪ್ ಮಾಡಿದ ಉತ್ತರ ನನ್ನ ಕೈಯಲ್ಲಿತ್ತು. ಸೀಲ್ ಒಡೆಯದೆ ಕೊಟ್ಟಿದ್ದೇವೆ ಎಂಬ ಸಾಲನ್ನು ಓದಿದೆ. ಒಡೆಯದ ಪೆಟ್ಟಿಗೆಯೊಳಗಿನ ಮಷಿನ್‌ಗೆ ಪೂಜೆ ಹೇಗೆ ಮಾಡಿದಿರಿ ಎಂದು ಕೇಳಿದೆ. ಗಿರಾಕಿಗಳಲ್ಲಿ ಒಬ್ಬರು ಕೆಮ್ಮಿದರು. ಅದು ದಮ್ಮಿನ ಕೆಮ್ಮು ಆಗಿರಲಿಲ್ಲ.

"ಪಟ್ಟಿ ಬುಡಕ ಏನೂ ಇಲ್ಲ" ಅಂದರು ಸಾಹುಕಾರರು.

"ಇಲ್ಲಂದ್ರ ಬಿಚ್ಚಸ್ರಿ."

ಅಂಗಡಿಯ ಮಿಸ್ತ್ರಿ ವಯಸ್ಸಾದವರು. ಸಾಹುಕಾರರ ಮುಖ ನೋಡಿದರು. ಸಾಹುಕಾರರು ಬೀದಿ ಕಡೆ ನೋಡಿದರು. ಮಿಸ್ತ್ರಿ ಕುಳಿತು ಎರಡೂ ಸ್ಕ್ರೂ ತೆಗೆದರು, ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿದರು. ನಾನು ಮೊಬೈಲಿನಲ್ಲಿ ವಿಡಿಯೋ ಹಿಡಿದಿದ್ದೆ.

ನಾನು ಒಂದು ಬೊಟ್ಟು ಇರಬಹುದು ಅಂದುಕೊಂಡಿದ್ದೆ. ಅಲ್ಲಿ ವಿಭೂತಿಯ ಮೂರು ಗೆರೆಗಳಿದ್ದವು. ನಡುವೆ, ಹೆಬ್ಬೆಟ್ಟಿನಷ್ಟು ಅಗಲ, ಬಣ್ಣ ಮಾಸದ ಒಂದು ಚೌಕ. ಆ ಚೌಕದ ಎಡಕ್ಕೂ ಬಲಕ್ಕೂ ಗೆರೆಗಳ ತುದಿ. ಚೌಕದ ಅಂಚಿಗೆ ಕುಂಕುಮ ಎಣ್ಣೆ ಹೀರಿ ಕೆಸರಾಗಿತ್ತು. ಮಿಸ್ತ್ರಿ ಬೆರಳಿಟ್ಟು ತೋರಿಸಿದರು. ಮೊದಲು ಇಲ್ಲಿ ಸಣ್ಣ ಪಟ್ಟಿ ಇತ್ತು. ಯಾರೋ ಅದರ ಮೇಲೆ ಹಾಯುವಂತೆ ವಿಭೂತಿ ಎಳೆದಿದ್ದಾರೆ. ಆಮೇಲೆ ಸಣ್ಣ ಪಟ್ಟಿ ತೆಗೆದು, ಅದರ ತೂತು ಮುಚ್ಚಿ, ಅದೆಲ್ಲ ಕಾಣದ ಹಾಗೆ ದೊಡ್ಡ ಪಟ್ಟಿ ಕೂಡಿಸಿದ್ದಾರೆ. ಇಷ್ಟನ್ನು ತೋರಿಸಿ, "ಪಟ್ಟಿ ಬದಲೀ ಮಾಡ್ಯಾರ್ರಿ ಸಾಹುಕಾರ್ರ. ಇದು ಹೊಸಾದಲ್ಲ" ಅಂದರು.

ನಮ್ಮ ಮನೆಯವರು ಅಂದಿದ್ದ ಆ ಎರಡು ಮಾತೇ ಬೇರೆಯವರ ಬಾಯಿಂದ ಬಂದಾಗ ನನಗೆ ಮೊಬೈಲ್ ಸರಿಯಾಗಿ ಹಿಡಿಯಲಾಗಲಿಲ್ಲ. ವಿಡಿಯೋದ ಕೊನೆಗೆ ನೆಲ ಮಾತ್ರ ಕಾಣುತ್ತದೆ.

ಅವಳು ಬಗ್ಗಿ ಆ ಗೆರೆಗಳನ್ನು ನೋಡಿ, "ನಮ್ಮನ್ಯಾಗ ವಿಭೂತಿ ಹಚ್ಚೂದಿಲ್ರೀ ಸಾಹುಕಾರ್ರ, ಹಚ್ಚತಿದ್ರ ಇಷ್ಟು ನೆಟ್ಟಗ ಎಳ್ಯಾಕ ನಮಗ ಬರತಿದ್ದಿಲ್ಲ" ಅಂದಳು. ಮೊದಲು ನಕ್ಕದ್ದು ಮಿಸ್ತ್ರಿ. ಕೊನೆಗೆ ಸಾಹುಕಾರರೂ ತುಟಿ ಬಿಗಿಹಿಡಿದು ನಕ್ಕರು. ಮಾಲು ಕೊಡುವವನು ನನಗೂ ಹೀಗೇ ಕೊಟ್ಟ ಎಂದು ಅವರು ಆಮೇಲೆ ಹೇಳಿದರು. ಖರೇ ಇದ್ದೀತು. ಆದರೆ ಕೆಮ್ಮುವವಳಿಗೆ ಮಷಿನ್ ಓಡಿಸಲು ಬರುವುದಿಲ್ಲ ಅಂದವರು ಇವರೇ.

ಬೇರೆ ಮಷಿನ್ ಕೊಡಲು ಒಪ್ಪಿದರು. ಈ ಸಲ ಪೆಟ್ಟಿಗೆಯ ಟೇಪನ್ನು ನಮ್ಮೆದುರು ಕತ್ತರಿಸಲು ಹೇಳಿದೆ. ಮಷಿನ್ ಹೊರಗೆ ಬಂದ ಮೇಲೆ ನಂಬರು ನೋಡಿ ಹೊಸ ಬಿಲ್ಲಿನಲ್ಲಿ ಬರೆಸಿದೆ. ಗ್ಯಾರಂಟಿ ಕಾರ್ಡಿಗೆ ಅಂದಿನ ತಾರೀಖು, ಅಂಗಡಿಯ ಮೊಹರು ಹಾಕಿಸಿದೆ. ಹಳೆಯ ಮಷಿನ್ ಅನ್ನು ಹೊಸದೆಂದು ಮತ್ತೊಬ್ಬರಿಗೆ ಮಾರುವುದಿಲ್ಲ ಎಂದು ಬರೆದುಕೊಡಿ ಎಂದಾಗ ಸಾಹುಕಾರರು ಪೆನ್ನು ತೆಗೆದು ಬರೆದುಕೊಟ್ಟರು. ಅಲ್ಲೇ ಅರ್ಧ ತಾಸು ಅವಳು ಹೊಲಿದು ನೋಡಿದಳು. ಹೊಲಿಗೆ ತಪ್ಪಲಿಲ್ಲ. ಆಯೋಗಕ್ಕೆ ಹೋಗುವ ಪ್ರಸಂಗ ಬರಲಿಲ್ಲ.

ಹಳೆಯ ಮಷಿನ್ ಬಿಟ್ಟು ಬರುವ ಮೊದಲು ಆ ಗೆರೆಗಳ ಫೋಟೋ ಇನ್ನೊಮ್ಮೆ ತೆಗೆದುಕೊಂಡೆ. ನೆಟ್ಟಗಿನ ಕೈ. ಯಾರೋ ಮಡಿಯಿಂದ, ಸಾವಕಾಶವಾಗಿ ಎಳೆದದ್ದು. ಅವರ ಮನೆಯಿಂದ ಅದು ಯಾಕೆ ಹೊರಗೆ ಹೋಯಿತೋ. ಆಮೇಲೆ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಉಂಡೆವು. ಅವಳ ತಾಯಿ ಕಟ್ಟಿಕೊಟ್ಟ ಚಪಾತಿ, ಒಣ ಖಾರದ ಪಲ್ಯ. ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಖಾರದ್ದು ಎಂದು ಇಬ್ಬರೂ ಅಂದುಕೊಂಡೆವು.

ಅವಳು ಈಗ ತೊಟ್ಟು ಬಿಡಿಸಲು ಹೋಗುವುದಿಲ್ಲ. ಓಣಿಯ ಹೆಂಗಸರ ಜಂಪರು, ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಫೋನ್ ಮಾಡಿದಾಗ ಹಿಂದೆ ಮಷಿನ್ ಸದ್ದು ಕೇಳುತ್ತದೆ. ಕೆಮ್ಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಅಕ್ಕಾರ, ನಿಮಗ ಒಂದು ಜಂಪರ್ ಹೊಲೀತೇನಿ, ಅಳತಿ ಕಳಸ್ರಿ ಎಂದು ಪ್ರತಿ ಸಲ ಹೇಳುತ್ತಾಳೆ, ಹೊಸದು ತೊಡಲು ಮನಸ್ಸಾಗದೆ ನಾನು ಇನ್ನೂ ಕಳಿಸಿಲ್ಲ.

ರಿಪೇರಿ ನಿಂತಿದೆ. ಆದರೆ ಅರ್ಜಿ ಬರೆಸಿಕೊಳ್ಳಲು ಜನ ಬರುತ್ತಾರೆ. ಮೊನ್ನೆ ಮೇಡ್ಲೇರಿಯ ಒಬ್ಬರು ಔಷಧ ಹೊಡೆಯುವ ಬ್ಯಾಟರಿ ಪಂಪು ತಂದಿದ್ದರು. ಕೊಂಡ ಎಂಟು ದಿನಕ್ಕೇ ನಿಂತಿತ್ತು. ಬಿಚ್ಚಬೇಡಿ ಎಂದು ಹೇಳಿ, ಬಿಲ್ ನೋಡಿ, ಪತ್ರ ಬರೆದೆ. ಬರೆದ ಮೇಲೆ ಮನೆಯವರಿಗೆ ಕೇಳುವಂತೆ ಒಮ್ಮೆ ಗಟ್ಟಿಯಾಗಿ ಓದುವುದು ನನಗೆ ಮೊದಲಿನಿಂದ ರೂಢಿ. ಈಗಲೂ ಓದುತ್ತೇನೆ. ನಾನು ಸಿಟ್ಟಿನಿಂದ ಒಂದು ಸಾಲು ಹೆಚ್ಚು ಬರೆದಿರುತ್ತೇನೆ. ಅದನ್ನು ತೆಗಿ ಎಂದು ಹೇಳುವವರು ಇಲ್ಲ.